ಬಾಳಿಕೆಯೊಂದೇ ಭದ್ರತೆಯ ಸಾಕ್ಷಿಯೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯ, ಜಂತಿಯ ಮೇಲೆ ಹಾಳಮಣ್ಣು ಹೊದಿಸಿದ ಮಾಳಿಗೆ ಮನೆಗಳು ತಲೆಮಾರುಗಳಿಂದ ನಿಂತಿವೆ. ಬಿಸಿಲು, ಮಳೆ, ದಿನನಿತ್ಯದ ಭಾರದ ಮಟ್ಟಿಗೆ ಆ ಬಾಳಿಕೆ ಗಟ್ಟಿ ಸಾಕ್ಷಿಯೇ. ಆದರೆ ಇನ್ನೂ ಎದುರಾಗದ ಪರೀಕ್ಷೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಇಂಥವೇ ಮನೆಗಳು ಕುಸಿದು ಸಾವಿರಾರು ಜನ ಸತ್ತರು. ಗೋಡೆಯ ಒಳ-ಹೊರ ಪದರಗಳು ಬೇರ್ಪಟ್ಟು, ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಬಿತ್ತು.

ಹಾಗಾದರೆ ಹಳೆಯದನ್ನೆಲ್ಲ ಕೆಡವಬೇಕೆ? ಬೇಡ. ತಂಪಾದ, ಊರಿನ ಕಲ್ಲು-ಮಣ್ಣಿನಲ್ಲೇ ಮುಗಿಯುವ ಈ ಪದ್ಧತಿಯನ್ನು ಭೂಕಂಪ ತಾಳುವ ಕಟ್ಟಡಗಳ ಕುರಿತ ಭಾರತೀಯ ಸಂಹಿತೆಯೂ ತಳ್ಳಿಹಾಕಿಲ್ಲ. ಗೋಡೆಯ ಅಗಲಕ್ಕೂ ಹಾಯುವ ಕಲ್ಲು, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತುಪಟ್ಟಿ ಇರಲಿ ಎನ್ನುತ್ತದೆ ಆ ಸಂಹಿತೆ, ಐಎಸ್ 13828. ಎಷ್ಟು ವರ್ಷ ನಿಂತಿದೆ ಎಂಬುದರ ಜತೆಗೆ ಏನನ್ನು ತಾಳಿ ನಿಂತಿದೆ ಎಂದೂ ಕೇಳಲೇಬೇಕು.