ಬ್ಯಾಟರಿಯಲ್ಲಿ ಉಳಿದ ಸತ್ತ್ವವೆಷ್ಟು?

ಪ್ರಶ್ನೆ: ಅಲ್ ಕುದ್ರಾದ ಮರಳಿನಲ್ಲಿ ತಂಗಿದಾಗ ನಮ್ಮ ಕ್ಯಾರವಾನಿನ ಫ್ರಿಜ್ಜು ನಡುರಾತ್ರಿಯಲ್ಲೇ ನಿಲ್ಲುತ್ತದೆ. ಸಂಜೆ ಮೀಟರು 12.7 ವೋಲ್ಟ್ ತೋರಿಸಿರುತ್ತದೆ. ಹೀಗೇಕೆ?
– ಓದುಗರೊಬ್ಬರು, ಅಲ್ ಬರ್ಷಾ, ದುಬೈ

ಉತ್ತರ: ಕೆರೆಯು ಕೋಡಿಯವರೆಗೆ ತುಂಬಿದೆಯೆಂದು ದಡದಲ್ಲಿ ನಿಂತವನು ಹೇಳಬಲ್ಲನೇ ಹೊರತು, ತಳದಲ್ಲಿ ಹೂಳೆಷ್ಟು ಸೇರಿದೆಯೆಂಬುದನ್ನು ಹೇಳಲಾರನು, ವೋಲ್ಟ್ ಮಾಪನದ ಮಿತಿಯೂ ಅಂತಹುದೇ. ಸೀಸ-ಆಮ್ಲದ ಬ್ಯಾಟರಿಯ ಧಾರಣಶಕ್ತಿಯನ್ನು ಅರಿಯಲು, ಅದನ್ನು ಪೂರ್ಣವಾಗಿ ಚಾರ್ಜು ಮಾಡಿ, ಕೆಲವು ಗಂಟೆ ವಿಶ್ರಾಂತಿ ಕೊಟ್ಟು, ಗೊತ್ತಾದ ಹೊರೆಯನ್ನು ಹೊರಿಸಿ ಬರಿದು ಮಾಡಿ ನೋಡುವುದೇ ನಂಬತಕ್ಕ ಮಾರ್ಗ.

100 ಆಂಪಿಯರ್-ಗಂಟೆಯೆಂದು ಬರೆದ 12 ವೋಲ್ಟಿನ ಬ್ಯಾಟರಿಯು, 25 ಡಿಗ್ರಿ ಉಷ್ಣತೆಯಲ್ಲಿ 5 ಆಂಪಿಯರಿನಂತೆ 20 ಗಂಟೆ ವಿದ್ಯುತ್ತನ್ನು ನೀಡಿ 10.5 ವೋಲ್ಟಿಗೆ ಇಳಿಯಬೇಕು. 60 ವಾಟಿನ ಕಾರಿನ ಬಲ್ಬೊಂದು ಸುಮಾರು ಇಷ್ಟನ್ನೇ ಎಳೆಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಅದನ್ನು ಜೋಡಿಸಿ, ಗಡಿಯಾರವನ್ನು ಬದಿಗಿಟ್ಟುಕೊಂಡು, ಬ್ಯಾಟರಿಯ ತುದಿಗಳಲ್ಲೇ ವೋಲ್ಟನ್ನು ಗಂಟೆಗೊಮ್ಮೆ ಬರೆದಿಡಿರಿ, 11.5ರ ಕೆಳಗೆ ಇಳಿತವು ತೀವ್ರವಾಗುವುದರಿಂದ ಆಗ ಕಣ್ಣು ತೆಗೆಯಲಾಗದು. 14 ಗಂಟೆಗೆ 10.5 ಮುಟ್ಟಿದರೆ ಉಳಿದಿರುವುದು 70 ಆಂಪಿಯರ್-ಗಂಟೆ ಮಾತ್ರ.

ನಿಮ್ಮೂರಿನ ಬೇಸಗೆಯೇ ಇಲ್ಲಿ ಮುಖ್ಯ ಶತ್ರುವೆಂದು ನನ್ನ ಎಣಿಕೆ: 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಏರಿದಂತೆ ಇಂತಹ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಧಾರಣಶಕ್ತಿಯು ಬರೆದುದರ ಶೇಕಡಾ 80ಕ್ಕಿಂತ ಕಡಮೆಯಾದ ಬ್ಯಾಟರಿಯನ್ನು ಬದಲಿಸುವುದು ರೂಢಿ. ಪರೀಕ್ಷೆ ಮುಗಿದೊಡನೆ, ಮರುದಿನಕ್ಕೆಂದು ಬಿಡದೆ, ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಿರಿ. ಬರಿದಾಗಿ ಬಿದ್ದಿದ್ದರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗುತ್ತದೆ.