ವೀಸಾ ಓದಿ ನೋಡೋಣ

ಪಕ್ಕದ ಊರಿಗೆ ಹೋಗಲು ಬಸ್ಸು ಹತ್ತಿದರೆ ಆಯಿತು. ಹೊರದೇಶ ಹಾಗಲ್ಲ. ನೇಪಾಳಕ್ಕೇನೋ ಮತದಾರರ ಗುರುತಿನ ಚೀಟಿ ಸಾಕು. ದುಬೈಗೆ ಪಾಸ್‌ಪೋರ್ಟ್ ಬೇಕು, ವೀಸಾನೂ ಬೇಕು.

ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ. ವೀಸಾ ಕೊಡುವುದು ನಾವು ಹೋಗುವ ದೇಶ. ಅದು ಒಳಗೆ ಬರಲು ಅವರ ಒಪ್ಪಿಗೆ.

ವೀಸಾದಲ್ಲಿ ಹಲವು ಬಗೆ. ಊರು ನೋಡಿ ಬರುವವರಿಗೆ ಟೂರಿಸ್ಟ್ ವೀಸಾ. ದುಬೈನಲ್ಲಿ ಅದು 30 ದಿನಕ್ಕೆ, ಇಲ್ಲವೇ 60 ದಿನಕ್ಕೆ ಸಿಗುತ್ತದೆ. ದಿನ ಮೀರಿದರೆ ದಂಡ. ಆ ವೀಸಾದಲ್ಲಿ ಹೋಗಿ ದುಡಿಯುವ ಹಾಗಿಲ್ಲ.

ಮೋಸ ನಡೆಯುವುದು ಇಲ್ಲೇ. "ಅಕ್ಕಾ, ದುಬೈನಲ್ಲಿ ಮನೆಗೆಲಸ ಇದೆ. ಈಗ ಟೂರಿಸ್ಟ್ ವೀಸಾದಲ್ಲಿ ಹೋಗಿ. ಆಮೇಲೆ ಎಲ್ಲಾ ಸರಿಮಾಡ್ತೀವಿ" ಅಂತಾರೆ ಕೆಲವು ಏಜೆಂಟರು. ಹಾಗೆ ಹೋದವರಿಗೆ ಸಂಬಳ ಕೊಡದಿದ್ದರೆ? ದೂರು ಕೊಡಲೂ ಹೆದರಿಕೆ. ಕಾನೂನು ಮೀರಿದವರು ನೀವೇ ಅಂದುಬಿಟ್ಟಾರು!

ದುಡಿಯಲು ಹೋಗುವುದಾದರೆ ಕೆಲಸದ ವೀಸಾನೇ ಬೇಕು. ಏಜೆಂಟರಿಗೆ ಸರ್ಕಾರದ ಲೈಸೆನ್ಸ್ ಇದೆಯಾ ಅಂತ ಮೊದಲೇ ಕೇಳೋಣ. ವೀಸಾ ಕನ್ನಡದಲ್ಲಿ ಇರೋದಿಲ್ಲ. ಇಂಗ್ಲಿಷ್ ಬಲ್ಲವರಿಂದ ಓದಿಸೋಣ, ಏಜೆಂಟರಿಂದ ಬೇಡ. ಹೆಸರು, ಪಾಸ್‌ಪೋರ್ಟ್ ನಂಬರು, ವೀಸಾದ ಬಗೆ, ದಿನ, ಇಷ್ಟನ್ನೂ ನೋಡೋಣ. ಎರಡರದ್ದೂ ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಟ್ಟು ಹೊರಡೋಣ.