ಕಾರವಾರದ ನೂರು, ಮುಂಡಗೋಡದ ತೊಂಬತ್ತೆಂಟು

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎನ್ನುವುದು ಕಡಲ ಮಟ್ಟದ ಲೆಕ್ಕ. ಉತ್ತರ ಕನ್ನಡ ಜಿಲ್ಲೆಯಲ್ಲಿ ಅದು ಕಾರವಾರ, ಅಂಕೋಲಾ, ಕುಮಟಾಗಳಿಗೆ ಸಲ್ಲುತ್ತದೆ. ಘಟ್ಟ ಹತ್ತಿ ಮುಂಡಗೋಡ ತಾಲೂಕಿನ ಸನವಳ್ಳಿಗೆ ಬಂದರೆ ಅದೇ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿ ಹತ್ತುತ್ತದೆ. ನೀರೇನೂ ಬದಲಾಗಿಲ್ಲ, ಅದರ ಮೇಲೆ ಕೂತ ಗಾಳಿಯ ಭಾರ ಕಡಿಮೆಯಾಗಿದೆ. ಮುನ್ನೂರು ಮೀಟರ್ ಏರಿದರೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ.

ಒಂದು ವಸ್ತು ಘನವಾಗಿರಬೇಕೋ, ದ್ರವವಾಗಿರಬೇಕೋ, ಅನಿಲವಾಗಿರಬೇಕೋ ಎಂಬುದನ್ನು ಉಷ್ಣತೆಯೊಂದೇ ತೀರ್ಮಾನಿಸುವುದಿಲ್ಲ. ವಸ್ತುವಿನ ಅಣುಗಳು ಒಂದನ್ನೊಂದು ಸೆಳೆಯುತ್ತಲೇ ಇರುತ್ತವೆ. ಕಾವು ಹೆಚ್ಚಿದಂತೆ ಅವುಗಳ ಚಡಪಡಿಕೆ ಹೆಚ್ಚಿ ಆ ಹಿಡಿತ ಸಡಿಲವಾಗುತ್ತದೆ. ಒತ್ತಡ ಅವನ್ನು ಮತ್ತೆ ಹತ್ತಿರಕ್ಕೆ ನೂಕುತ್ತದೆ. ಈ ಎರಡರ ನಡುವಿನ ಜಗ್ಗಾಟದಲ್ಲಿ ಯಾವುದರ ಕೈ ಮೇಲೋ ಅದರಂತೆ ಸ್ಥಿತಿ.

ಆವಿಯಾಗುವುದೂ ಕುದಿಯುವುದೂ ಒಂದೇ ಅಲ್ಲ. ಸನವಳ್ಳಿಯ ಜಲಾಶಯದ ನೀರು ಏಪ್ರಿಲ್ ಬಿಸಿಲಿಗೆ ಆರುವುದು ಮೇಲ್ಮೈಯ ಅಣುಗಳು ಒಂದೊಂದಾಗಿ ತಪ್ಪಿಸಿಕೊಳ್ಳುವುದರಿಂದ. ಅದಕ್ಕೆ ಮೂವತ್ತು ಡಿಗ್ರಿ ಧಾರಾಳವಾಯಿತು. ಕುದಿಯಬೇಕಾದರೆ ನೀರಿನ ಒಡಲೊಳಗೇ ಆವಿಯ ಗುಳ್ಳೆ ನಿಲ್ಲಬೇಕು. ಗುಳ್ಳೆಯೊಳಗಿನ ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮವಾಗುವ ಉಷ್ಣತೆಯೇ ಕುದಿಬಿಂದು. ಹೊರಗಿನ ಒತ್ತಡ ಬದಲಾದಾಗ ಕುದಿಬಿಂದುವೂ ಬದಲಾಗುವುದು ಇದರಿಂದ.

ಮುಂಡಗೋಡದ ಟಿಬೆಟನ್ ಕಾಲೊನಿಯ ಮೊದಲ ತಲೆಮಾರಿಗೆ ಈ ಸಂಗತಿ ಅಡುಗೆಮನೆಯಿಂದಲೇ ಗೊತ್ತಿದ್ದಿರಬೇಕು. 1966ರಲ್ಲಿ ಶುರುವಾದ ಈ ನೆಲೆಗೆ ಬಂದವರ ತಾಯ್ನಾಡು ಜಗತ್ತಿನ ಅತಿ ಎತ್ತರದ ಪ್ರಸ್ಥಭೂಮಿ. ಸುಮಾರು 3,650 ಮೀಟರ್ ಎತ್ತರದ ಲ್ಹಾಸಾದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಒಲೆಯ ಉರಿ ಎಷ್ಟು ಏರಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಬೇಳೆಕಾಳು ಬೇಯಲು ಹೊತ್ತು ಹಿಡಿಯುತ್ತದೆ. ಅಲ್ಲಿಯ ಮುಖ್ಯ ಆಹಾರ ತ್ಸಂಪಾ, ಅಂದರೆ ಹುರಿದ ಜವೆಗೋಧಿಯ ಹಿಟ್ಟು. ಅದಕ್ಕೆ ಅಲ್ಲಿ ಬೆಳೆಯುವ ಬೆಳೆಯೇ ಮೊದಲ ಕಾರಣ, ನಿಜ. ಆದರೆ ಹುರಿಯುವ ಕೆಲಸಕ್ಕೆ ಕುದಿಬಿಂದುವಿನ ಕಟ್ಟುಪಾಡಿಲ್ಲ ಎಂಬುದೂ ಸಣ್ಣ ಅನುಕೂಲವಲ್ಲ.

ಕುಕ್ಕರ್ ಇದರ ತಿರುವುಮುರುವು. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಪಾತ್ರೆಯ ತತ್ವವೇ ಇಂದಿಗೂ ನಡೆದಿದೆ. ಮುಚ್ಚಿದ ಪಾತ್ರೆಯಲ್ಲಿ ಹಬೆ ಒಟ್ಟಾಗಿ, ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ನೀರು 120 ಡಿಗ್ರಿಯವರೆಗೂ ನೀರಾಗಿಯೇ ಇರುತ್ತದೆ. ಸೀಟಿಯ ಭಾರ ನಿಗದಿ ಮಾಡುವುದು ಒತ್ತಡವನ್ನು. ಉಷ್ಣತೆ ಅದನ್ನು ಹಿಂಬಾಲಿಸುತ್ತದೆ.

ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಲ್ಲಿ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮರದ ಚೂರುಗಳನ್ನು ಕ್ಷಾರದ ದ್ರಾವಣದೊಡನೆ ಡೈಜೆಸ್ಟರ್ ಎಂಬ ಉಕ್ಕಿನ ಪಾತ್ರೆಯಲ್ಲಿ ಬೇಯಿಸಿ, ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಟನ್ನು ಬಿಡಿಸಬೇಕು. ಇದಕ್ಕೆ ಬೇಕಾದ ಉಷ್ಣತೆ 160ರಿಂದ 170 ಡಿಗ್ರಿ. ಆ ಕಾವಿನಲ್ಲೂ ದ್ರಾವಣ ದ್ರವವಾಗಿಯೇ ಉಳಿದು ಚೂರಿನ ಒಳಹೊಕ್ಕಬೇಕೆಂದರೆ ವಾತಾವರಣದ ಆರೇಳು ಪಟ್ಟು ಒತ್ತಡ ಬೇಕು. ಇನ್ನೂ ಮುಂದಿನ ಉದಾಹರಣೆ ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರ. ಅಲ್ಲಿನ 220 ಮೆಗಾವಾಟ್ ರಿಯಾಕ್ಟರುಗಳ ಇಂಧನದಿಂದ ಶಾಖ ಹೊತ್ತು ತರುವ ಭಾರಜಲ ಸುಮಾರು 290 ಡಿಗ್ರಿ ಮುಟ್ಟುತ್ತದೆ, ಆದರೂ ದ್ರವ. ಅದರ ಮೇಲಿನ ಒತ್ತಡ ವಾತಾವರಣದ ಎಂಬತ್ತೈದು ಪಟ್ಟಿನ ಹತ್ತಿರ.

ಒತ್ತಡ ತಗ್ಗಿಸಿಯೂ ಲಾಭ ಮಾಡಿಕೊಳ್ಳಬಹುದು. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಇಂಗುತ್ತ ಹೋದಂತೆ ಅದರ ಕುದಿಬಿಂದು ಏರುತ್ತದೆ, ಏಕೆಂದರೆ ಕರಗಿದ ಸಕ್ಕರೆ ನೀರಿನ ಅಣುಗಳು ತಪ್ಪಿಸಿಕೊಳ್ಳುವುದಕ್ಕೆ ಅಡ್ಡಿ. ಪಾಕ 105 ಡಿಗ್ರಿ ದಾಟುವ ಹೊತ್ತಿಗೆ ಇಳಿಸಿದರೆ ಜೋನಿ ಬೆಲ್ಲ, 118ರ ಸುಮಾರಿಗೆ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗುವ ಬೆಲ್ಲ. ಆ ಕಾವಿಗೆ ಸಕ್ಕರೆಯಲ್ಲಿ ಒಂದಿಷ್ಟು ಕಂದುತ್ತದೆ. ಬೆಲ್ಲದ ಬಣ್ಣಕ್ಕೂ ಪರಿಮಳಕ್ಕೂ ಅದರ ಪಾಲಿದೆ. ಬಿಳಿ ಸಕ್ಕರೆಗೆ ಮಾತ್ರ ಇದು ಆಗಿಬರುವುದಿಲ್ಲ. ಹಳಿಯಾಳದ ಸಕ್ಕರೆ ಕಾರ್ಖಾನೆಯಂಥ ಕಡೆಗಳಲ್ಲಿ ಪಾಕವನ್ನು ಮುಚ್ಚಿದ ನಿರ್ವಾತ ಪ್ಯಾನಿನಲ್ಲಿ ಕುದಿಸುತ್ತಾರೆ. ಒಳಗಿನ ಒತ್ತಡವನ್ನು ವಾತಾವರಣದ ಆರನೇ ಒಂದಂಶಕ್ಕೆ ಇಳಿಸಿದರೆ ದಪ್ಪ ಪಾಕವೂ 65 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಸಕ್ಕರೆ ಕಂದದೆ ಹರಳುಗಟ್ಟುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೊವಾರ್ಡ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಂಡುಹಿಡಿದ ಉಪಾಯವಿದು. ರಸವನ್ನು ಮೊದಲು ಇಂಗಿಸುವ ಸಾಲು ಪಾತ್ರೆಗಳ ಜಾಣತನ ಇನ್ನೊಂದು ಬಗೆಯದು: ಒಂದರಿಂದ ಎದ್ದ ಹಬೆಯೇ ಮುಂದಿನದಕ್ಕೆ ಉರುವಲು. ಮುಂದಿನ ಪಾತ್ರೆಯಲ್ಲಿ ಒತ್ತಡ ಇನ್ನೂ ಕಡಿಮೆಯಿರುವುದರಿಂದ, ತಣಿಯುತ್ತ ಬಂದ ಆ ಹಬೆಯೂ ಅಲ್ಲಿಯ ರಸವನ್ನು ಕುದಿಸಬಲ್ಲದು. ಕಾಗದ ಕಾರ್ಖಾನೆಗಳು ಡೈಜೆಸ್ಟರಿನಿಂದ ಬಂದ ಕಪ್ಪು ದ್ರಾವಣವನ್ನು ಇಂಗಿಸುವುದೂ ಹೀಗೆಯೇ.

ಒತ್ತಡ ಅನಿಲವನ್ನು ದ್ರವವಾಗಿಸುವುದಕ್ಕೆ ಸಾಕ್ಷಿ ಮನೆಯ 14.2 ಕಿಲೋ ಸಿಲಿಂಡರ್. ಒಳಗಿರುವ ಪ್ರೊಪೇನ್ ಸಾಧಾರಣ ಒತ್ತಡದಲ್ಲಿ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯೂಟೇನ್ ಸೊನ್ನೆಯ ಹತ್ತಿರ. ವಾತಾವರಣದ ಕೆಲವೇ ಪಟ್ಟು ಒತ್ತಡ ಸಿಕ್ಕರೆ ಎರಡರ ಮಿಶ್ರಣ ಬೇಸಿಗೆಯಲ್ಲೂ ದ್ರವವೇ. ಬರ್ನರ್ ಹೊತ್ತಿಸಿದಾಗ ದ್ರವ ಆವಿಯಾಗಿ ಹೊರಬರುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ತನ್ನಿಂದಲೇ, ಸಿಲಿಂಡರಿನ ಮೈಯಿಂದಲೇ ತೆಗೆದುಕೊಳ್ಳುವುದರಿಂದ ಹೋಟೆಲಿನ ದೊಡ್ಡ ಒಲೆಗಳಿಗೆ ಜೋಡಿಸಿದ ಸಿಲಿಂಡರಿನ ಹೊರಮೈ ಬೆವರುವುದುಂಟು. ಕೊನೆಯ ಹನಿ ದ್ರವ ಇರುವವರೆಗೂ ಒಳಗಿನ ಒತ್ತಡವನ್ನು ಮುಖ್ಯವಾಗಿ ನಿರ್ಧರಿಸುವುದು ಉಷ್ಣತೆ. ಆದ್ದರಿಂದ ಉರಿಯ ಜೋರು ನೋಡಿ ಗ್ಯಾಸ್ ಎಷ್ಟು ಉಳಿದಿದೆಯೆಂದು ಹೇಳಲಾಗದು, ತೂಗಿಯೇ ನೋಡಬೇಕು.

ಒತ್ತಿದರೆ ಎಲ್ಲ ಅನಿಲವೂ ದ್ರವವಾಗುತ್ತದೆ ಎಂದುಕೊಳ್ಳುವುದು ತಪ್ಪು. ಪ್ರತಿ ವಸ್ತುವಿಗೂ ಒಂದು ಸಂಧಿ ಉಷ್ಣತೆಯಿದೆ. ಅದಕ್ಕಿಂತ ಬಿಸಿಯಿದ್ದಾಗ ಎಷ್ಟು ಒತ್ತಿದರೂ ದ್ರವವಾಗದು. ಮೀಥೇನಿಗೆ ಅದು ಸೊನ್ನೆಗಿಂತ ಸುಮಾರು 82 ಡಿಗ್ರಿ ಕೆಳಗೆ. ಹೀಗಾಗಿ ವಾಹನಗಳ ಸಿಎನ್‌ಜಿ ಇನ್ನೂರು ಪಟ್ಟು ಒತ್ತಡದಲ್ಲೂ ಅನಿಲವೇ, ಅದರ ಸಿಲಿಂಡರ್ ಅಷ್ಟು ದಪ್ಪ. ಆಮ್ಲಜನಕದ ಸಂಧಿ ಉಷ್ಣತೆ ಸೊನ್ನೆಗಿಂತ 118 ಡಿಗ್ರಿ ಕೆಳಗೆ. ಆಸ್ಪತ್ರೆಗಳ ದ್ರವ ಆಮ್ಲಜನಕದ ಟ್ಯಾಂಕಿಗೆ ಇಬ್ಬಗೆಯ ಗೋಡೆ, ನಡುವೆ ನಿರ್ವಾತ ಇರುವುದು ಆ ಚಳಿಯನ್ನು ಕಾಯುವುದಕ್ಕೆ.

ಕರಗುವಿಕೆಯ ಮೇಲೆ ಒತ್ತಡದ ಪ್ರಭಾವ ತೀರಾ ಅಲ್ಪ. ಹೆಚ್ಚಿನ ವಸ್ತುಗಳಲ್ಲಿ ಒತ್ತಡ ಹೆಚ್ಚಿದರೆ ಕರಗುಬಿಂದು ಏರುತ್ತದೆ. ನೀರಿನದು ಉಲ್ಟಾ: ಮಂಜುಗಡ್ಡೆ ನೀರಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಒತ್ತಿದರೆ ಕರಗುಬಿಂದು ಇಳಿಯುತ್ತದೆ, ಅದೂ ಪ್ರತಿ ವಾತಾವರಣಕ್ಕೆ ಡಿಗ್ರಿಯ ನೂರನೇ ಒಂದು ಭಾಗಕ್ಕಿಂತ ಕಡಿಮೆ.

ಒತ್ತಡವನ್ನು ವಾತಾವರಣದ ಸಾವಿರದಲ್ಲಿ ಆರು ಪಾಲಿಗೆ ಇಳಿಸಿ ಉಷ್ಣತೆಯನ್ನು 0.01 ಡಿಗ್ರಿಯಲ್ಲಿಟ್ಟರೆ ಮಂಜು, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲವು. ಇದು ತ್ರಿಬಿಂದು. ಇದಕ್ಕಿಂತ ಕಡಿಮೆ ಒತ್ತಡದಲ್ಲಿ ಶುದ್ಧ ನೀರಿಗೆ ದ್ರವ ಸ್ಥಿತಿಯೇ ಇಲ್ಲ. ಕಾವು ಕೊಟ್ಟರೆ ಮಂಜು ನೇರ ಆವಿಯಾಗುತ್ತದೆ. ಬಿಸಿ ತಾಗಿದರೆ ಕೆಡುವ ಪದಾರ್ಥಗಳನ್ನು ಒಣಗಿಸುವುದು ಹೀಗೆ. ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ದಡಾರ-ರುಬೆಲ್ಲಾ ಲಸಿಕೆ ಒಣ ಪುಡಿಯ ರೂಪದಲ್ಲಿ ಬರುತ್ತದೆ. ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಒತ್ತಡ ತಗ್ಗಿಸಿ ಅದರ ನೀರನ್ನು ತೆಗೆದಿರುತ್ತಾರೆ. ಚುಚ್ಚುವ ಮೊದಲು ಜೊತೆಗೆ ಬಂದ ದ್ರವ ಬೆರೆಸಿ ನರ್ಸ್ ಅದನ್ನು ಮತ್ತೆ ಕರಗಿಸುತ್ತಾರೆ.